ಕಡಿಮೆ ಬರೆದರೆ ಕಡಿಮೆ ತಪ್ಪೇ?

 

ಈ ವಾರ ಧಾರವಾಡದ ಕಡೆಯ ಅಜ್ಜ ಒಬ್ಬರ ಕಾಗದ ಬಂದಿದೆ. ಅವರ ಮೊಮ್ಮಗಳು ನಾಲ್ಕನೇ ತರಗತಿಯಲ್ಲಿದ್ದಾಳೆ. ಮಾತಿಗೆ ನಿಂತರೆ ಅರಳು ಹುರಿದ ಹಾಗೆ. ಹಿತ್ತಲಿಗೆ ಬಂದ ಕೋತಿಯ ಕತೆಯನ್ನು ಅರ್ಧ ಗಂಟೆ ಹೇಳಬಲ್ಲಳು. ಅದನ್ನೇ ಬರೆದುಕೊಡು ಎಂದರೆ ಮೂರೇ ಸಾಲು: ‘ಕೋತಿ ಬಂತು. ಬಾಳೆಹಣ್ಣು ತಿಂದಿತು. ಹೋಯಿತು.’ ಇಷ್ಟೇ ಯಾಕವ್ವಾ ಎಂದು ಅಜ್ಜ ಕೇಳಿದ್ದಾರೆ. ಅವಳು ಕೊಟ್ಟ ಉತ್ತರ ಇದು: “ಕಡಿಮಿ ಬರದ್ರ ಕಡಿಮಿ ತಪ್ಪು ಆಗ್ತಾವ ಅಜ್ಜಾ.”

ಓದಿದಾಗ ಮೊದಲು ನಗು ಬಂತು. ಆಮೇಲೆ ಹೊಟ್ಟೆಯಲ್ಲಿ ಸಂಕಟವಾಯಿತು. ಮಗು ಲೆಕ್ಕವನ್ನು ಸರಿಯಾಗಿಯೇ ಹಾಕಿದೆ. ಹತ್ತು ಸಾಲು ಬರೆದರೆ ಹತ್ತು ಕಡೆ ಕೆಂಪು ಶಾಯಿ, ಮೂರು ಸಾಲು ಬರೆದರೆ ಮೂರೇ ಕಡೆ. ಹಾಗಾದರೆ ಏನೂ ಬರೆಯದೆ ಇರುವುದೇ ಎಲ್ಲಕ್ಕಿಂತ ಕ್ಷೇಮ! ಈ ಲೆಕ್ಕ ಮನಸ್ಸಿನಲ್ಲಿ ಗಟ್ಟಿಯಾಗಿಬಿಟ್ಟರೆ, ಅರ್ಧ ಗಂಟೆ ಕತೆ ಹೇಳುವ ಬಾಯಿ ಮುಂದೆ ಜೀವಮಾನವಿಡೀ ಮೂರು ಸಾಲಿನಲ್ಲೇ ನಿಂತುಬಿಡುತ್ತದೆ. ಪ್ರಾಥಮಿಕ ಶಾಲೆಯಲ್ಲಿ ಬಹಳ ವರ್ಷ ಕಪ್ಪುಹಲಗೆಯ ಮುಂದೆ ನಿಂತವಳು ನಾನು. ತಪ್ಪು ಬರೆಯುವ ಮಕ್ಕಳ ಬಗ್ಗೆ ನನಗೆ ಎಂದೂ ಚಿಂತೆಯಾದದ್ದಿಲ್ಲ. ಬರೆಯಲು ಹೆದರುವ ಮಕ್ಕಳನ್ನು ಕಂಡರೆ ಮಾತ್ರ ಚಿಂತೆಯಾಗುತ್ತದೆ.

ಈ ಹೆದರಿಕೆಯನ್ನು ಬಿಡಿಸುವ ಕೆಲಸಕ್ಕೆ ಮನೆಯಲ್ಲಿ ಅಜ್ಜ-ಅಜ್ಜಿಯರಿಗಿಂತ ಒಳ್ಳೆಯವರಿಲ್ಲ. ಮೇಷ್ಟ್ರಿಗೆ ನಲವತ್ತು ಮಕ್ಕಳ ಪುಸ್ತಕ ತಿದ್ದಬೇಕು. ಅಪ್ಪ-ಅಮ್ಮನಿಗೆ ಕೆಲಸದ ಗಡಿಬಿಡಿ. ನಿಮ್ಮ ಹತ್ತಿರ ಎರಡು ಸಂಪತ್ತು ಇವೆ: ಸಮಯ ಮತ್ತು ದನಿ. ಇವೆರಡರಿಂದ ಎಷ್ಟು ಕೆಲಸ ಆಗುತ್ತದೆ ಎಂಬುದನ್ನು ಹೇಳುತ್ತೇನೆ.

ವ್ಯಾಕರಣ ಈಗಾಗಲೇ ಬಾಯಲ್ಲಿದೆ

‘ವ್ಯಾಕರಣ’ ಎಂಬ ಶಬ್ದ ಕೇಳಿದರೆ ಸಾಕು, ಮಕ್ಕಳು ಮುಖ ಸಿಂಡರಿಸುತ್ತಾರೆ. ಅವರಿಗೊಂದು ಗುಟ್ಟು ಹೇಳಿ: ಅದು ಅವರಿಗೆ ಆಗಲೇ ಬರುತ್ತದೆ.

ಪರೀಕ್ಷೆ ಮಾಡಿ ನೋಡಿ. ‘ನಾಯಿ ಬಂದಳು’ ಎನ್ನಿ. ಮಗು ಬಿದ್ದು ಬಿದ್ದು ನಗುತ್ತದೆ. ‘ನಾನು ನಾಳೆ ಹೋದೆ’ ಎನ್ನಿ. “ಅಯ್ಯೋ ಅಜ್ಜಿ, ನಾಳೆ ಹೋಗ್ತೀನಿ ಅನ್ಬೇಕು” ಎಂದು ನಿಮ್ಮನ್ನೇ ತಿದ್ದುತ್ತದೆ. ಲಿಂಗ, ವಚನ, ಕಾಲ ಎಂಬ ಹೆಸರುಗಳು ಗೊತ್ತಿಲ್ಲದಿರಬಹುದು, ಕಿವಿಗೆ ಮಾತ್ರ ಎಲ್ಲವೂ ಗೊತ್ತು.

ಇನ್ನೂ ಸೋಜಿಗದ ಸಂಗತಿ ವಿಭಕ್ತಿಯದು. ನಾವು ‘ಮರಕ್ಕೆ’ ಎನ್ನುತ್ತೇವೆ, ‘ಮನೆಗೆ’ ಎನ್ನುತ್ತೇವೆ, ‘ಹುಡುಗನಿಗೆ’ ಎನ್ನುತ್ತೇವೆ, ‘ಹಸುವಿಗೆ’ ಎನ್ನುತ್ತೇವೆ. ನಾಲ್ಕೂ ಚತುರ್ಥೀ ವಿಭಕ್ತಿಯೇ. ಆದರೆ ಒಂದು ಕಡೆ ‘ಕ್ಕೆ’, ಇನ್ನೊಂದು ಕಡೆ ‘ಗೆ’, ಮತ್ತೊಂದು ಕಡೆ ‘ಇಗೆ’. ಒಂದನೇ ತರಗತಿಗೆ ಸೇರುವ ಹೊತ್ತಿಗೆ ಮಗು ಯಾವುದು ಎಲ್ಲಿ ಎಂದು ತಡವರಿಸದೆ ಹೇಳುತ್ತಿರುತ್ತದೆ. ಕೋಷ್ಟಕ ಬಾಯಿಪಾಠ ಮಾಡಿಸಿ ಕಲಿಸಿದವರು ಯಾರೂ ಇಲ್ಲ. ನಿಮ್ಮ ತೊಡೆಯ ಮೇಲೆ ಕೂತು, ನಿಮ್ಮ ಮಾತು ಕೇಳಿ ಕಲಿತದ್ದು ಅದು.

13ನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಎಂಬ ಕನ್ನಡ ವ್ಯಾಕರಣವನ್ನು ಬರೆದ ಕೇಶಿರಾಜ ಕೂಡ ತನಗಿಂತ ಹಿಂದಿನ ಕವಿಗಳು ಹೇಗೆ ಬರೆದಿದ್ದರು ಎಂಬುದನ್ನು ನೋಡಿ, ಅವರ ಪ್ರಯೋಗಗಳನ್ನೇ ಉದಾಹರಣೆಯಾಗಿ ಕೊಟ್ಟ. ಮೊದಲು ನುಡಿ, ಆಮೇಲೆ ನಿಯಮ. ಮನೆಯಲ್ಲಿಯೂ ಇದೇ ಕ್ರಮ ಇರಲಿ. ಮಗು ಹೇಳಬೇಕಾದ್ದನ್ನು ಮೊದಲು ಬಾಯಲ್ಲಿ ಹೇಳಲಿ, ಆಮೇಲೆ ಬರೆಯಲಿ, ಹೆಸರುಗಳು ಕೊನೆಗೆ ಬರಲಿ.

ಮನೆ ಮಾತು, ಪುಸ್ತಕದ ಮಾತು

ಇಲ್ಲೊಂದು ಎಚ್ಚರಿಕೆ ಬೇಕು. ಧಾರವಾಡದ ಮಗು ‘ನಾ ಸಾಲಿಗಿ ಹೋಗ್ತೀನಿ’ ಎನ್ನುತ್ತದೆ. ಮಂಗಳೂರಿನ ಮಗು ‘ನಾನು ಶಾಲೆಗೆ ಹೋಗ್ತೇನೆ’ ಎನ್ನುತ್ತದೆ. ಮೈಸೂರಿನ ಮಗು ‘ನಾನು ಸ್ಕೂಲಿಗೆ ಹೋಗ್ತೀನಿ’ ಎನ್ನುತ್ತದೆ. ಬರೆಯುವಾಗ ಮೂವರೂ ‘ನಾನು ಶಾಲೆಗೆ ಹೋಗುತ್ತೇನೆ’ ಎಂದು ಬರೆಯಬೇಕು. ಮನೆಯಲ್ಲಿ ತುಳು, ಕೊಂಕಣಿ, ಉರ್ದು, ತೆಲುಗು ಆಡುವ ಮಕ್ಕಳಿಗಂತೂ ಇದು ಇನ್ನೂ ಒಂದು ಮೆಟ್ಟಿಲು ಹೆಚ್ಚು.

ಆಗ ‘ನಿನ್ನ ಮಾತು ತಪ್ಪು’ ಎನ್ನಬೇಡಿ. ಆ ಮಾತು ನಿಮ್ಮದೇ, ನಿಮ್ಮಿಂದಲೇ ಬಂದದ್ದು. ಮನೆಯಲ್ಲಿ ಉಡುವ ಬಟ್ಟೆ ಬೇರೆ, ಮದುವೆಗೆ ಉಡುವ ಬಟ್ಟೆ ಬೇರೆ. ಹಾಗೆಂದು ಮನೆಯ ಬಟ್ಟೆಯನ್ನು ಯಾರೂ ಎಸೆಯುವುದಿಲ್ಲ. ‘ಮನೇಲಿ’ ಎಂದು ಬರೆದಿದ್ದರೆ, “ಇದು ಮನೆ ಬಟ್ಟೆ. ಇದಕ್ಕೆ ಮದುವೆ ಬಟ್ಟೆ ಯಾವುದು?” ಎಂದು ಕೇಳಿ. ಮಗುವೇ ‘ಮನೆಯಲ್ಲಿ’ ಎನ್ನುತ್ತದೆ. ‘ಪುಸ್ತಕ ತಂದೆ’ ಎಂದಿದ್ದರೆ ‘ಪುಸ್ತಕವನ್ನು ತಂದೆನು’ ಎನ್ನುತ್ತದೆ. ಇನ್ನು ಕತೆಯಲ್ಲಿ ಯಾರಾದರೂ ಆಡಿದ ಮಾತು ಬಂದಾಗ ಮನೆ ಮಾತನ್ನೇ ಇಟ್ಟರೆ ಚೆಂದ. ಆ ಮೊಮ್ಮಗಳ ‘ಕಡಿಮಿ ಬರದ್ರ’ ಎಂಬ ಮಾತನ್ನು ನಾನು ಪುಸ್ತಕದ ಕನ್ನಡಕ್ಕೆ ತಿದ್ದಿ ಬರೆದಿದ್ದರೆ ಅವಳ ದನಿ ನಿಮಗೆ ಕೇಳಿಸುತ್ತಿತ್ತೇ?

ಗುರುತುಗಳು ಏಕೆ ಬೇಕು?

ಮಕ್ಕಳು ಕೇಳುವ ಒಂದು ಪ್ರಶ್ನೆ: “ಹಿಂದಿನವರು ಅಲ್ಪವಿರಾಮ ಹಾಕ್ತಿದ್ರಾ?” ಇಲ್ಲ. ಕ್ರಿ.ಶ. 450ರ ಸುಮಾರಿನದು ಎನ್ನುವ ಹಲ್ಮಿಡಿ ಶಾಸನದಲ್ಲಿ ಅಕ್ಷರಗಳು ಒಂದರ ಪಕ್ಕ ಒಂದು ಸಾಲಾಗಿ ನಿಂತಿವೆ, ಪದಗಳ ನಡುವೆ ಜಾಗವೂ ಇಲ್ಲ. ಓಲೆಗರಿಗಳಲ್ಲಿಯೂ ಹಾಗೆಯೇ. ಪದ್ಯ ಮುಗಿದ ಕಡೆ ಒಂದೋ ಎರಡೋ ಗೆರೆ ಎಳೆಯುತ್ತಿದ್ದರು, ಅಷ್ಟೇ. ಇಂದಿನ ಅಲ್ಪವಿರಾಮ, ಪ್ರಶ್ನಾರ್ಥಕ ಚಿಹ್ನೆಗಳು ನಮ್ಮಲ್ಲಿ ಬಳಕೆಗೆ ಬಂದದ್ದು ಅಚ್ಚಿನ ಪುಸ್ತಕಗಳ ಜೊತೆಗೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಹೊರಟದ್ದೇ 1843ರಲ್ಲಿ.

ಹಾಗಾದರೆ ಅಷ್ಟು ಶತಮಾನ ಹೇಗೆ ನಡೆಯಿತು? ನಮ್ಮ ಭಾಷೆಯ ಒಳಗೇ ಗುರುತುಗಳಿವೆ. ಇದನ್ನು ಮಗುವಿಗೆ ತೋರಿಸಿದರೆ ಲೇಖನ ಚಿಹ್ನೆಗಳ ಪಾಠ ಅರ್ಧ ಮುಗಿದ ಹಾಗೆ.

ಪೂರ್ಣವಿರಾಮ: ಕನ್ನಡದಲ್ಲಿ ಸಾಮಾನ್ಯವಾಗಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ‘ಅಜ್ಜಿ ಬಂದು’ ಎಂದು ಹೇಳಿ ಸುಮ್ಮನಾಗಿ. “ಬಂದು ಏನು ಮಾಡಿದ್ರು?” ಎಂದು ಮಗು ಕೇಳುತ್ತದೆ. ‘ಅಜ್ಜಿ ಬಂದರು’ ಎಂದರೆ ಮಾತು ಮುಗಿಯಿತು. ಚುಕ್ಕಿ ಇಡುವುದು ಅಲ್ಲಿ.

ಪ್ರಶ್ನೆ: ‘ಬಂದರೇ?’, ‘ಬಂದರೋ?’, ‘ಬಂದರಾ?’ ಪದದ ಬಾಲವೇ ಪ್ರಶ್ನೆ ಕೇಳುತ್ತಿದೆ. ಯಾರು, ಏನು, ಎಲ್ಲಿ, ಯಾವಾಗ ಎಂಬ ಪದಗಳೂ ಇವೆ. ಇವು ಕಿವಿಗೆ ಬಿದ್ದರೆ ಪ್ರಶ್ನಾರ್ಥಕ ಚಿಹ್ನೆಯೇ ಇರಬೇಕು ಎಂದು ಅನುಮಾನಿಸಿ ನೋಡಲಿ.

ಸೇರಿಸುವುದು: ‘ಅಜ್ಜನೂ ಅಜ್ಜಿಯೂ ಅತ್ತೆಯೂ ಬಂದರು.’ ಈ ‘ಊ’ ಇದ್ದಾಗ ನಡುವೆ ಅಲ್ಪವಿರಾಮ ಇಲ್ಲದಿದ್ದರೂ ನಡೆಯುತ್ತದೆ. ‘ಊ’ ತೆಗೆದರೆ ಬೇಕೇಬೇಕು: ‘ಅಜ್ಜ, ಅಜ್ಜಿ, ಅತ್ತೆ ಬಂದರು.’

ಆಡಿದ ಮಾತು: ‘ಎಂದು’ ಎಂಬ ಪುಟ್ಟ ಪದ ಆಡಿದ ಮಾತು ಎಲ್ಲಿ ಮುಗಿಯಿತು ಎಂಬುದನ್ನು ಹೇಳುತ್ತದೆ. ಎಲ್ಲಿ ಶುರುವಾಯಿತು ಎಂದು ಹೇಳುವುದಿಲ್ಲ. ಅದಕ್ಕೇ ಉದ್ಧರಣ ಚಿಹ್ನೆ ಉಪಯೋಗಕ್ಕೆ ಬರುತ್ತದೆ.

ಇಷ್ಟೆಲ್ಲ ಇದ್ದ ಮೇಲೂ ಗುರುತುಗಳು ಬೇಕು. ಏಕೆಂದರೆ ಎದುರಿಗೆ ಕೂತು ಹೇಳುವಾಗ ನಮ್ಮ ದನಿ ಏರುತ್ತದೆ, ಇಳಿಯುತ್ತದೆ, ನಿಲ್ಲುತ್ತದೆ. ಹಾಳೆಯ ಮೇಲೆ ದನಿ ಇಲ್ಲ. ಗುರುತು ದನಿಯ ಕೆಲಸ ಮಾಡುತ್ತದೆ. ‘ನಾಳೆ ರಜೆ’ ಎಂಬ ಎರಡೇ ಪದವನ್ನು ತೆಗೆದುಕೊಳ್ಳಿ.

ನಾಳೆ ರಜೆ.
ನಾಳೆ ರಜೆ?
ನಾಳೆ ರಜೆ!

ಮೊದಲನೆಯದು ಸೂಚನಾ ಫಲಕದ್ದು. ಎರಡನೆಯದು ಅನುಮಾನದಲ್ಲಿರುವ ಅಮ್ಮನದು. ಮೂರನೆಯದು ಯಾರದೆಂದು ನಾನು ಹೇಳಬೇಕಾಗಿಲ್ಲ. ಮೂರನ್ನೂ ಮಗು ಜೋರಾಗಿ ಓದಲಿ. ಒಮ್ಮೆ ನೀವು ಓದಿ, ಯಾವ ಗುರುತು ಎಂದು ಮಗು ಹೇಳಲಿ.

ಅಲ್ಪವಿರಾಮಕ್ಕೆ ಹಬ್ಬದ ಚೀಟಿಯೇ ಸಾಕು. ‘ಬಾಳೆ ಎಲೆ ಅಡಿಕೆ ತೆಂಗಿನಕಾಯಿ’ ಎಂದು ಬರೆದುಕೊಟ್ಟರೆ ಅಂಗಡಿಗೆ ಹೋದವರು ಏನು ತರಬೇಕು? ‘ಬಾಳೆ ಎಲೆ, ಅಡಿಕೆ, ತೆಂಗಿನಕಾಯಿ’ ಎಂದರೆ ಊಟದ ಎಲೆ ಬರುತ್ತದೆ, ವೀಳ್ಯದೆಲೆ ಬರುವುದಿಲ್ಲ. ‘ಬಾಳೆ, ಎಲೆ, ಅಡಿಕೆ, ತೆಂಗಿನಕಾಯಿ’ ಎಂದರೆ ಬಾಳೆಯೂ ವೀಳ್ಯದೆಲೆಯೂ ಬರುತ್ತವೆ, ಊಟದ ಎಲೆ ಇಲ್ಲ. ಒಂದು ಪುಟ್ಟ ಗೆರೆ ಸ್ಥಳ ತಪ್ಪಿದರೆ ಹಬ್ಬದ ದಿನ ಎಲ್ಲರೂ ತಟ್ಟೆಯಲ್ಲಿ ಉಣ್ಣಬೇಕಾಗುತ್ತದೆ!

ತಿದ್ದುವುದು ಹೇಗೆ?

ಈಗ ಧಾರವಾಡದ ಅಜ್ಜನವರ ಪ್ರಶ್ನೆಗೆ ಬರುತ್ತೇನೆ. ಮಗು ಬರೆದು ತಂದಾಗ ಮೂರು ಸಲ ಓದಿ.

ಮೊದಲ ಓದು ಬರೀ ಓದಿಗಾಗಿ. ಕೈಯಲ್ಲಿ ಪೆನ್ನು ಬೇಡ. ಓದಿದ ಮೇಲೆ ಒಂದೇ ಒಂದು ಪ್ರಶ್ನೆ ಕೇಳಿ, ನಿಜವಾಗಿಯೂ ತಿಳಿಯಬೇಕೆಂದು ಕೇಳಿ: “ಕೋತಿ ಹಣ್ಣು ತಿನ್ನೋವಾಗ ನೀ ಎಲ್ಲಿದ್ದೆ?” “ಬಾಗಲಾ ಹಿಂದ ಅಡಗಿದ್ದೆ” ಎನ್ನುತ್ತಾಳೆ. “ಹೌದಾ! ಅದನ್ನೂ ಬರಿ” ಎನ್ನಿ. ಮೂರು ಸಾಲು ನಾಲ್ಕಾಯಿತು. ತನ್ನ ಮಾತನ್ನು ಯಾರೋ ಕಾಯುತ್ತಿದ್ದಾರೆ ಎಂದು ಗೊತ್ತಾದ ಮಗು ತಾನಾಗಿಯೇ ಐದನೇ ಸಾಲು ಬರೆಯುತ್ತದೆ.

ಎರಡನೇ ಓದು ಮಗುವಿನದು, ಗಟ್ಟಿಯಾಗಿ. ಬಿಟ್ಟುಹೋದ ಪದ, ಮುಗಿಯದ ವಾಕ್ಯ ಎಷ್ಟೋ ಸಲ ಓದುವಾಗಲೇ ನಾಲಿಗೆಗೆ ತೊಡರುತ್ತವೆ. ತಾನೇ ಕಂಡ ತಪ್ಪನ್ನು ತಾನೇ ತಿದ್ದಿಕೊಂಡರೆ ಅವಮಾನವಿಲ್ಲ.

ಮೂರನೇ ಓದಿನಲ್ಲಿ ಪೆನ್ಸಿಲ್ ಹಿಡಿಯಿರಿ. ಆದರೆ ಒಂದು ವಾರಕ್ಕೆ ಒಂದೇ ಬಗೆಯ ತಪ್ಪು. ಈ ವಾರ ಒತ್ತಕ್ಷರ ಎಂದರೆ ಒತ್ತಕ್ಷರ ಮಾತ್ರ. ತಪ್ಪಿನ ಮೇಲೆ ಗೆರೆ ಎಳೆಯಬೇಡಿ. ಸಾಲಿನ ಪಕ್ಕದಲ್ಲಿ ಒಂದು ಚುಕ್ಕಿ ಇಟ್ಟು, “ಈ ಸಾಲಲ್ಲಿ ಒಂದು ಒತ್ತು ತಪ್ಪಿಸಿಕೊಂಡಿದೆ, ಹಿಡಿ ನೋಡೋಣ” ಎನ್ನಿ. ಹುಡುಕುವುದು ಮಕ್ಕಳಿಗೆ ಆಟ. ಉಳಿದ ತಪ್ಪುಗಳು ಎಲ್ಲಿಗೂ ಓಡಿಹೋಗುವುದಿಲ್ಲ, ಮುಂದಿನ ವಾರಕ್ಕೆ ಕಾದಿರುತ್ತವೆ.

“ಪರೀಕ್ಷೆಯಲ್ಲಿ ಅಂಕ ಹೋಗುವುದಿಲ್ಲವೇ?” ಎಂದು ನೀವು ಕೇಳಬಹುದು. ಒಂದೆರಡು ಹೋಗಲಿ. ಒಂದೇ ದಿನ ಹತ್ತು ಬಗೆಯ ತಪ್ಪು ತೋರಿಸಿದರೆ ಮಗುವಿಗೆ ಒಂದೂ ನೆನಪಿರುವುದಿಲ್ಲ. ವಾರಕ್ಕೊಂದರಂತೆ ಹಿಡಿದರೆ ಹತ್ತು ವಾರಕ್ಕೆ ಹತ್ತೂ ಮುಗಿಯುತ್ತವೆ. ಅದಕ್ಕಿಂತ ಹೆಚ್ಚಾಗಿ, ತಿದ್ದಲು ಮೊದಲು ಬರವಣಿಗೆ ಇರಬೇಕಲ್ಲ!

ಉಕ್ತಲೇಖನವನ್ನೂ ಬಿಡಬೇಡಿ, ಆದರೆ ಐದು ಸಾಲು ಮೀರುವುದು ಬೇಡ. ಒಮ್ಮೆ ಪೂರ್ತಿ ಓದಿ, ಮಗು ಸುಮ್ಮನೆ ಕೇಳಲಿ. ಎರಡನೇ ಸಲ ತುಂಡು ತುಂಡಾಗಿ ಓದಿ, ಬರೆಯಲಿ. ಮೂರನೇ ಸಲ ಮತ್ತೆ ಪೂರ್ತಿ ಓದಿ, ತಾನೇ ಸರಿನೋಡಿಕೊಳ್ಳಲಿ. ನಡುನಡುವೆ ಅಜ್ಜ-ಅಜ್ಜಿಗೆ ಮಗುವೇ ಉಕ್ತಲೇಖನ ಕೊಡಲಿ. ನೀವು ಬೇಕೆಂದೇ ‘ಬೆಳೆ’ಯನ್ನು ‘ಬೆಲೆ’ ಎಂದು ಬರೆದಿಡಿ. ಮಗು ಹಿಡಿಯುತ್ತದೆಯೋ ಇಲ್ಲವೋ ನೋಡಿ.

ಎಲ್ಲಕ್ಕಿಂತ ಮುಖ್ಯ, ಬರವಣಿಗೆಗೆ ನಿಜವಾದ ಕೆಲಸ ಕೊಡಿ. ಸಾಮಾನಿನ ಚೀಟಿ ಮಗುವೇ ಬರೆಯಲಿ. ಊರಿನ ಅತ್ತೆಗೆ ಅಂಚೆ ಕಾರ್ಡು ಹಾಕಲಿ. ಅಜ್ಜಿ ಮಾಡುವ ಸಾರಿನ ಪುಡಿಯ ಅಳತೆ ಬರೆದಿಡಲಿ. ಅಳತೆ ತಪ್ಪು ಬರೆದರೆ ಸಾರು ಕೆಡುತ್ತದೆ ಎಂದು ಗೊತ್ತಾದಾಗ ಮಗು ಎರಡೆರಡು ಸಲ ಓದಿ ನೋಡುತ್ತದೆ. ನಿಮಗೆ ಮಾತ್ರ ಗೊತ್ತಿರುವ ಕತೆಗಳೂ ಇವೆ. ನೀವು ಹೇಳಿ, ಅವರು ಬರೆಯಲಿ. ಬರೆದಿಡದೆ ಹೋದರೆ ಅವು ನಿಮ್ಮೊಂದಿಗೇ ಹೋಗಿಬಿಡುತ್ತವೆ.

ಪುಟಾಣಿಗಳಿಗೆ ಈ ವಾರದ ಆಟ

ಮಕ್ಕಳೇ, ಇನ್ನು ನಿಮ್ಮ ಸರದಿ. ಉತ್ತರಗಳು ಕೆಳಗಿವೆ, ಮೊದಲೇ ಇಣುಕಬಾರದು!

1. ಅಕ್ಷರ ಕಳ್ಳನನ್ನು ಹಿಡಿಯಿರಿ. ಪ್ರತಿ ವಾಕ್ಯದಲ್ಲೂ ಒಂದು ಪದ ವೇಷ ಬದಲಿಸಿದೆ.
ಅ) ಅಣ್ಣ ಬೆಂದಿದೆ, ಊಟಕ್ಕೆ ಬಾ.
ಆ) ಗೋಡೆಯ ಮೇಲೆ ಹಳ್ಳಿ ಹರಿದಾಡುತ್ತಿದೆ.
ಇ) ಅಜ್ಜಿ ರಾತ್ರಿ ನನಗೆ ಕತ್ತೆ ಹೇಳಿದರು.
ಈ) ಮರದಿಂದ ಅಕ್ಕಿ ಹಾರಿಹೋಯಿತು.
ಉ) ಮೀನು ಬಳೆಗೆ ಸಿಕ್ಕಿಬಿದ್ದಿತು.

2. ಬಾಲ ಅಂಟಿಸಿರಿ.
ಬೆಕ್ಕು ಇಲಿ___ ನೋಡಿತು. ಇಲಿ ಬಿಲ___ ಓಡಿತು. ಬೆಕ್ಕು ಬಿಲ___ ಬಾಗಿಲಲ್ಲೇ ಕುಳಿತಿತು. ಇಲಿ ಬಿಲ___ ಹೊರಗೆ ಬರಲೇ ಇಲ್ಲ.

3. ಮಣಿಸರ ಪೋಣಿಸಿರಿ. ನಾಲ್ಕು ವಾಕ್ಯಗಳನ್ನು ಒಂದೇ ವಾಕ್ಯ ಮಾಡಿ.
ಹುಡುಗಿ ಬಾವಿಗೆ ಹೋದಳು. ನೀರು ಸೇದಿದಳು. ಕೊಡ ತುಂಬಿಸಿದಳು. ಮನೆಗೆ ಬಂದಳು.

4. ಗುರುತು ಹಾಕಿರಿ.
ಅಜ್ಜಿ ನನ್ನ ಕನ್ನಡಕ ಎಲ್ಲಿ ಎಂದು ಕೇಳಿದರು ನಿಮ್ಮ ತಲೆಯ ಮೇಲೇ ಇದೆಯಲ್ಲ ಎಂದು ನಾನು ನಕ್ಕೆ

5. ಕೇಳಿ ಬರೆಯಿರಿ. ಅಜ್ಜ-ಅಜ್ಜಿ ಚಿಕ್ಕವರಾಗಿದ್ದಾಗ ಮನೆಯಲ್ಲಿದ್ದು, ಈಗ ಇಲ್ಲದ ಒಂದು ವಸ್ತುವಿನ ಬಗ್ಗೆ ಕೇಳಿ. ಬೀಸುವ ಕಲ್ಲು, ಲಾಟೀನು, ಒನಕೆ, ಸ್ಲೇಟು, ಯಾವುದಾದರೂ ಸರಿ. ಅದು ಹೇಗಿತ್ತು, ಯಾರು ಬಳಸುತ್ತಿದ್ದರು, ಕೊನೆಗೆ ಎಲ್ಲಿಗೆ ಹೋಯಿತು? ಕನಿಷ್ಠ ಹತ್ತು ವಾಕ್ಯ ಬರೆಯಿರಿ. ತಪ್ಪಾದರೆ ಹೆದರಬೇಡಿ, ಹತ್ತು ವಾಕ್ಯ ಇರಲೇಬೇಕು. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ನಿಮ್ಮ ಮನೆಯಲ್ಲಿದೆ.

ಉತ್ತರಗಳು: 1. ಅ) ಅನ್ನ, ಆ) ಹಲ್ಲಿ, ಇ) ಕತೆ, ಈ) ಹಕ್ಕಿ, ಉ) ಬಲೆ. 2. ಇಲಿಯನ್ನು, ಬಿಲಕ್ಕೆ, ಬಿಲದ, ಬಿಲದಿಂದ. 3. ಹುಡುಗಿ ಬಾವಿಗೆ ಹೋಗಿ, ನೀರು ಸೇದಿ, ಕೊಡ ತುಂಬಿಸಿ ಮನೆಗೆ ಬಂದಳು. 4. ಅಜ್ಜಿ, “ನನ್ನ ಕನ್ನಡಕ ಎಲ್ಲಿ?” ಎಂದು ಕೇಳಿದರು. “ನಿಮ್ಮ ತಲೆಯ ಮೇಲೇ ಇದೆಯಲ್ಲ!” ಎಂದು ನಾನು ನಕ್ಕೆ.

ಮುಂದಿನ ವಾರ ಅಲ್ಪಪ್ರಾಣ-ಮಹಾಪ್ರಾಣಗಳ ಜೊತೆ ಆಡೋಣ. ಅಷ್ಟರಲ್ಲಿ ಐದನೆಯ ಪ್ರಶ್ನೆಗೆ ನೀವು ಬರೆದದ್ದನ್ನು ಅಜ್ಜ-ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳಿ. ಅವರು ನಡುವೆ ತಡೆದು, “ಹಾಗಲ್ಲ ಮಗು, ಇನ್ನೂ ಒಂದು ಮಾತಿದೆ” ಎಂದರೆ, ಹನ್ನೊಂದನೇ ವಾಕ್ಯ ಸಿಕ್ಕಿತು ಎಂದುಕೊಳ್ಳಿ.